ಸತ್ತ ಜಾನುವಾರಿಗೆ ಸಿಗುವ ಪರಿಹಾರ: ಮುಖ್ಯಮಂತ್ರಿಗಳಿಗೆ, ಕಂದಾಯ ಮತ್ತು ಪಶುಸಂಗೋಪನೆ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನೆರೆ, ಬರ ಮತ್ತು ಸಾಂಕ್ರಾಮಿಕ ರೋಗಗಳಿಂದ ದನ, ಕುರಿ, ಮೇಕೆಗಳನ್ನು ಕಳೆದುಕೊಂಡವರಿಗೆ ಸರ್ಕಾರ ಕೊಡುವ ತುರ್ತು ಪರಿಹಾರದ ಬಗ್ಗೆ ಈ ಪತ್ರ ಬರೆಯುತ್ತಿದ್ದೇನೆ. ನಾನು ಉತ್ತರ ಕರ್ನಾಟಕದ ತಾಲ್ಲೂಕುಗಳಲ್ಲಿ ಸರ್ಕಾರಿ ಪಶುವೈದ್ಯನಾಗಿ ಕೆಲಸ ಮಾಡಿ ನಿವೃತ್ತನಾದವನು. ಸತ್ತ ಪ್ರಾಣಿಯ ಮರಣೋತ್ತರ ಪರೀಕ್ಷೆ ಮಾಡಿ, ದೃಢೀಕರಣ ಪತ್ರಕ್ಕೆ ಸಹಿ ಹಾಕಿದ ಮೇಲೆ ಆ ಕಾಗದ ಯಾವ ಮೇಜಿನಿಂದ ಯಾವ ಮೇಜಿಗೆ ಹೋಗುತ್ತದೆ, ಎಲ್ಲಿ ಎಷ್ಟು ದಿನ ಕೂರುತ್ತದೆ ಎಂಬುದನ್ನು ಒಳಗಿನಿಂದಲೇ ನೋಡಿದ್ದೇನೆ. ಈಗಿರುವ ವ್ಯವಸ್ಥೆ ಮೂರು ಹಸು ಕಟ್ಟಿಕೊಂಡು ಒಂದೇ ಊರಿನಲ್ಲಿ ಬದುಕುವ ಮನೆಯನ್ನು ಕಣ್ಣೆದುರು ಇಟ್ಟುಕೊಂಡು ರೂಪುಗೊಂಡದ್ದು. ಹಿಂಡಿನೊಂದಿಗೆ ಜಿಲ್ಲೆಯಿಂದ ಜಿಲ್ಲೆಗೆ ನಡೆಯುವ ಕುರಿಗಾಹಿಯನ್ನು ಅದು ಕಾಣುವುದೇ ಇಲ್ಲ. ಊರಲ್ಲೇ ಇರುವ ಹೈನುಗಾರನಿಗೂ ಪ್ರಾಣಿ ಹೇಗೆ ಸತ್ತಿತು ಎಂಬುದರ ಮೇಲೆ ಬೇರೆ ಬೇರೆ ಬೆಲೆ ಕಟ್ಟುತ್ತದೆ. ಇವೆರಡನ್ನೂ ಸರಿಪಡಿಸುವುದು ನಿಮ್ಮ ಕೈಯಲ್ಲಿದೆ ಎಂದು ನಂಬಿ ಬರೆಯುತ್ತಿದ್ದೇನೆ.

ಮೊದಲು ಬೆಲೆಯ ಮಾತು. ರಾಜ್ಯ ವಿಪತ್ತು ಪರಿಹಾರ ನಿಧಿಯಿಂದ ಕೊಡುವ ನೆರವಿಗೆ ಕೇಂದ್ರ ಗೃಹ ಸಚಿವಾಲಯ 2022-23ರಿಂದ 2025-26ರವರೆಗಿನ ಅವಧಿಗೆ ನಿಗದಿ ಮಾಡಿದ ದರದಂತೆ, ನೆರೆಯಲ್ಲಿ ಕೊಚ್ಚಿಹೋದ ಹಾಲು ಕೊಡುವ ಹಸು ಅಥವಾ ಎಮ್ಮೆಗೆ 37,500 ರೂಪಾಯಿ, ಎತ್ತಿಗೆ 32,000 ರೂಪಾಯಿ, ಕರುವಿಗೆ 20,000 ರೂಪಾಯಿ, ಕುರಿ ಅಥವಾ ಮೇಕೆಗೆ 4,000 ರೂಪಾಯಿ. ಇದೇ 2022ರಲ್ಲಿ ಚರ್ಮಗಂಟು ರೋಗ ಬೆಳಗಾವಿ, ಹಾವೇರಿ, ಧಾರವಾಡ, ಗದಗ ಜಿಲ್ಲೆಗಳ ಕೊಟ್ಟಿಗೆಗಳನ್ನು ಹೊಕ್ಕಾಗ, ಅದರಿಂದ ಸತ್ತ ಹಸುವಿಗೆ ರಾಜ್ಯ ಸರ್ಕಾರ ಘೋಷಿಸಿದ ಪರಿಹಾರ 20,000 ರೂಪಾಯಿ, ಎತ್ತಿಗೆ 30,000 ರೂಪಾಯಿ, ಕರುವಿಗೆ 5,000 ರೂಪಾಯಿ. ಮರುವರ್ಷ, 2023ರ ಜುಲೈ ಬಜೆಟ್ಟಿನಲ್ಲಿ ಅನುಗ್ರಹ ಯೋಜನೆಯನ್ನು ಮತ್ತೆ ಘೋಷಿಸಿದಾಗ, ಆಕಸ್ಮಿಕವಾಗಿ ಸತ್ತ ಹಸು, ಎಮ್ಮೆ, ಎತ್ತಿಗೆ ಗೊತ್ತುಮಾಡಿದ್ದು 10,000 ರೂಪಾಯಿ; 2025ರ ಮಾರ್ಚ್ ಬಜೆಟ್ಟಿನಲ್ಲಿ ಅದನ್ನು 15,000ಕ್ಕೆ ಏರಿಸಲಾಯಿತು. ಕುರಿ, ಮೇಕೆಗಳಿಗೆ ಕೊಡುವ ಮೊತ್ತ 5,000ದಿಂದ 7,500 ರೂಪಾಯಿಗೆ ಏರಿತು.

ಈ ಅಂಕಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿ. ಹಸು ಹೊಳೆಯ ಪಾಲಾದರೆ ಒಂದು ಬೆಲೆ, ಮೈತುಂಬ ಗಂಟೆದ್ದು ನರಳಿ ಸತ್ತರೆ ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಹಾವು ಕಚ್ಚಿಯೋ ಹೊಟ್ಟೆಯುಬ್ಬರದಿಂದಲೋ ಸತ್ತರೆ ಮೊದಲ ಬೆಲೆಯ ಅರ್ಧಕ್ಕೂ ಕಡಿಮೆ. ಕುರಿಯ ಲೆಕ್ಕ ತಿರುವುಮುರುವು: ನೆರೆಯಲ್ಲಿ ಸತ್ತರೆ ಕೇಂದ್ರದ ದರದಲ್ಲಿ 4,000, ಅನುಗ್ರಹದಡಿ 7,500. ಪ್ರತಿಯೊಂದು ಮೊತ್ತಕ್ಕೂ ಅದನ್ನು ನಿಗದಿಪಡಿಸಿದ ಕಡತದಲ್ಲಿ ಒಂದು ಕಾರಣ ಇದ್ದೇ ಇರುತ್ತದೆ. ಆದರೆ ಹಾಲಿನ ಡೇರಿಗೆ ದಿನಕ್ಕೆರಡು ಬಾರಿ ಕ್ಯಾನು ಹೊತ್ತು, ಹದಿನೈದು ದಿನಕ್ಕೊಮ್ಮೆ ಬರುವ ಬಟವಾಡೆಯಲ್ಲಿ ಮಕ್ಕಳ ಶಾಲೆ ಶುಲ್ಕ ಕಟ್ಟುವ ಹೆಣ್ಣುಮಗಳಿಗೆ ಆಗುವ ನಷ್ಟ ಮೂರು ಸಂದರ್ಭದಲ್ಲೂ ಒಂದೇ. ಆಕೆ ಮತ್ತೊಂದು ಹಸುವನ್ನು ಸಂತೆಯಿಂದಲೇ ತರಬೇಕು, ಸಂತೆಯ ಬೆಲೆಯನ್ನೇ ಕೊಡಬೇಕು. ಮಿಶ್ರತಳಿಯ ಒಳ್ಳೆಯ ಕರಾವಿನ ಹಸುವಿನ ಬೆಲೆ ಎಷ್ಟೆಂದು ನಿಮ್ಮ ಕ್ಷೇತ್ರದ ಯಾವ ರೈತನನ್ನು ಕೇಳಿದರೂ ಹೇಳುತ್ತಾನೆ. ಮೇಲೆ ಹೇಳಿದ ಯಾವ ಮೊತ್ತವೂ ಅದರ ಹತ್ತಿರ ಸುಳಿಯುವುದಿಲ್ಲ.

ಆದ್ದರಿಂದ ನನ್ನ ಮೊದಲ ಕೋರಿಕೆ: ರಾಜ್ಯದಲ್ಲಿ ಜಾನುವಾರು ನಷ್ಟಕ್ಕೆ ಒಂದೇ ದರಪಟ್ಟಿ ಇರಲಿ. ಪ್ರಾಣಿಯ ಜಾತಿ, ವಯಸ್ಸು, ಕರಾವು ಅಥವಾ ಗಬ್ಬದ ಸ್ಥಿತಿ ನೋಡಿ ದರ ನಿಗದಿಯಾಗಲಿ. ಸಾವಿನ ಕಾರಣ ನೋಡಿ ಅಲ್ಲ. ಹಣದ ಒಂದು ಪಾಲು ಯಾವ ನಿಧಿಯಿಂದ ಬರುತ್ತದೆ, ಉಳಿದದ್ದನ್ನು ಯಾವ ಲೆಕ್ಕಶೀರ್ಷಿಕೆಯಿಂದ ಭರಿಸಬೇಕು ಎಂಬುದು ಸರ್ಕಾರದ ಒಳಗಿನ ಹೊಂದಾಣಿಕೆ. ಅದರ ಭಾರ ಪ್ರಾಣಿ ಕಳೆದುಕೊಂಡವರ ಹೆಗಲಿಗೆ ಬೀಳಬಾರದು.

ಕೇಂದ್ರದ ಮಾನದಂಡದಲ್ಲಿ ಇನ್ನೊಂದು ಸಾಲಿದೆ. ಒಂದು ಕುಟುಂಬಕ್ಕೆ ಹಾಲು ಕೊಡುವ ದೊಡ್ಡ ಪ್ರಾಣಿಗಳಾದರೆ ಮೂರು, ಕುರಿ ಮೇಕೆಯಂಥ ಸಣ್ಣ ಪ್ರಾಣಿಗಳಾದರೆ ಮೂವತ್ತು, ಅಷ್ಟಕ್ಕೆ ಮಾತ್ರ ನೆರವು. ನೂರೈವತ್ತು ಕುರಿಗಳ ಹಿಂಡು ಹಳ್ಳದ ನೀರಿಗೆ ಸಿಕ್ಕಿ ಪೂರ್ತಿ ನಾಶವಾದರೂ ಸಿಗುವುದು ಮೂವತ್ತು ಕುರಿಗಳ ಲೆಕ್ಕದಲ್ಲಿ 1,20,000 ರೂಪಾಯಿ. ಉಳಿದ ನೂರಿಪ್ಪತ್ತು ಕುರಿಗಳು ಕಾಗದದ ಮೇಲೆ ಇರಲೇ ಇಲ್ಲ ಎಂದಂತೆ. ಬೆಳೆಹಾನಿಗೂ ಎರಡು ಹೆಕ್ಟೇರಿನ ಮಿತಿ ಇದೆಯಲ್ಲ ಎಂದು ಅಧಿಕಾರಿಗಳು ಹೇಳಬಹುದು. ಬೆಳೆ ಹೋದರೂ ನೆಲ ಉಳಿಯುತ್ತದೆ. ಮುಂದಿನ ಮುಂಗಾರಿಗೆ ಸಾಲ ಮಾಡಿ ಬೀಜ ತಂದು ಬಿತ್ತಬಹುದು, ಪಹಣಿ ತೋರಿಸಿದರೆ ಬ್ಯಾಂಕಿನಲ್ಲಿ ಸಾಲವೂ ಸಿಗುತ್ತದೆ. ಕುರಿಗಾಹಿಗೆ ಹಿಂಡೇ ಹೊಲ, ಹಿಂಡೇ ಬೀಜ, ಹಿಂಡೇ ಬ್ಯಾಂಕು. ಹೆಣ್ಣು ಕುರಿಗಳು ಸತ್ತರೆ ಮುಂದಿನ ವರ್ಷದ ಮರಿಗಳೂ ಅದರ ಜೊತೆಗೇ ಹೋದವು. ಹಿಂಡನ್ನು ಮರಿಯಿಂದ ಮತ್ತೆ ಕಟ್ಟಲು ಎಷ್ಟೋ ವರ್ಷ ಬೇಕು, ಮತ್ತು ಆ ವರ್ಷಗಳಲ್ಲಿ ಮನೆ ನಡೆಯಲು ಕೂಲಿಯ ಹೊರತು ಬೇರೆ ದಾರಿಯಿರುವುದಿಲ್ಲ. ಹಿಂಡು ಕಳೆದುಕೊಂಡ ಬಳಿಕ ಕೋಲು ಕೆಳಗಿಟ್ಟು ಪುಣೆಗೋ ಬೆಂಗಳೂರಿಗೋ ಕಟ್ಟಡದ ಕೆಲಸಕ್ಕೆ ಹೋದವರು ಮತ್ತೆ ಕುರಿ ಕಾಯಲು ಮರಳಿದ್ದನ್ನು ನಾನು ಕಂಡದ್ದು ಬಹಳ ಕಡಿಮೆ.

2019ರ ಜಾನುವಾರು ಗಣತಿಯಂತೆ ಕರ್ನಾಟಕದಲ್ಲಿ ಸುಮಾರು 1.1 ಕೋಟಿ ಕುರಿಗಳಿವೆ. ತೆಲಂಗಾಣ, ಆಂಧ್ರಪ್ರದೇಶಗಳನ್ನು ಬಿಟ್ಟರೆ ದೇಶದಲ್ಲಿ ಇಷ್ಟು ಕುರಿಗಳಿರುವ ರಾಜ್ಯ ಬೇರೊಂದಿಲ್ಲ. ಡೆಕ್ಕನಿ, ಬಳ್ಳಾರಿ, ಕೆಂಗುರಿ, ಹಾಸನ, ಮಂಡ್ಯ ತಳಿಗಳನ್ನು ಯಾವ ಸಂಶೋಧನಾ ಕೇಂದ್ರದ ನೆರವೂ ಇಲ್ಲದೆ ತಲೆಮಾರುಗಳಿಂದ ಉಳಿಸಿಕೊಂಡು ಬಂದವರು ಈ ಕುರಿಗಾಹಿಗಳೇ. ಬೆಳಗಾವಿ, ಬಾಗಲಕೋಟೆ, ಕೊಪ್ಪಳ ಭಾಗದ ಹಿಂಡುಗಳು ಸುಗ್ಗಿ ಮುಗಿದ ಮೇಲೆ ಎರೆಭೂಮಿಯ ಹೊಲಗಳಿಗೆ ಇಳಿಯುತ್ತವೆ, ಮಳೆಗಾಲದಲ್ಲಿ ಮಳೆ ಕಡಿಮೆಯಿರುವ ಕಡೆಗೆ ಸರಿಯುತ್ತವೆ. ರೈತರು ರಾತ್ರಿ ಹೊಲದಲ್ಲಿ ಕುರಿ ನಿಲ್ಲಿಸಿಕೊಂಡು, ಗೊಬ್ಬರಕ್ಕೆ ಪ್ರತಿಯಾಗಿ ಕಾಳನ್ನೋ ಹಣವನ್ನೋ ಕೊಡುತ್ತಾರೆ. ರಸಗೊಬ್ಬರಕ್ಕೆ ಸರ್ಕಾರ ಸುರಿಯುವ ಸಬ್ಸಿಡಿಯ ಪಕ್ಕದಲ್ಲಿ, ಈ ಗೊಬ್ಬರ ಸರ್ಕಾರಕ್ಕೆ ಒಂದು ಪೈಸೆಯ ಖರ್ಚಿಲ್ಲದೆ ನೆಲಕ್ಕೆ ಸೇರುತ್ತಿದೆ ಎಂಬುದನ್ನು ಇಲ್ಲಿ ನೆನಪಿಸುವುದು ಅಪ್ರಸ್ತುತವಾಗಲಾರದು.

ಈ ಹಿಂಡು ಊರಿನಿಂದ ಇನ್ನೂರು ಕಿಲೋಮೀಟರ್ ದೂರದ ಯಾರದೋ ಹೊಲದಲ್ಲಿ ತಂಗಿರುವಾಗ ಕರುಳು ಬೇನೆಯೋ, ನೀಲಿ ನಾಲಿಗೆಯೋ, ಹಿರೇಬೇನೆಯೋ ಹೊಕ್ಕಿತು ಎಂದಿಟ್ಟುಕೊಳ್ಳಿ. ಕರುಳು ಬೇನೆಯಲ್ಲಿ ಸಂಜೆ ಮೇಯ್ದು ಬಂದ ಕುರಿ ಬೆಳಗಾಗುವಷ್ಟರಲ್ಲಿ ಸತ್ತು ಬಿದ್ದಿರುತ್ತದೆ. ಬಿಸಿಲಿನ ದಿನಗಳಲ್ಲಿ ಕೆಲವೇ ಗಂಟೆಗಳಲ್ಲಿ ಕಳೇಬರ ಉಬ್ಬಿ ಕೊಳೆಯತೊಡಗುತ್ತದೆ. ಅಷ್ಟರೊಳಗೆ ವೈದ್ಯರು ಬಂದು ಹೊಟ್ಟೆ ಕೊಯ್ದು ನೋಡದಿದ್ದರೆ ಕಾರಣ ಬರೆಯುವುದು ಕಷ್ಟ. ಕುರಿಗಾಹಿ ಹತ್ತಿರದ ಪಶು ಆಸ್ಪತ್ರೆಗೆ ಓಡುತ್ತಾನೆ. ಅಲ್ಲಿ ವೈದ್ಯರ ಹುದ್ದೆ ಖಾಲಿ ಇದ್ದು, ಪಕ್ಕದ ಹೋಬಳಿಯವರು ಹೆಚ್ಚುವರಿ ಹೊಣೆ ಹೊತ್ತಿರಬಹುದು. ಅವರು ಬಂದು ಪರೀಕ್ಷೆ ಮಾಡಿಕೊಟ್ಟರೂ, ಅರ್ಜಿಯನ್ನು ನಿಮ್ಮೂರಿನ ಕಚೇರಿಯಲ್ಲೇ ಕೊಡಬೇಕು ಎಂಬ ಮಾತು ಬರುತ್ತದೆ. ಊರಿನ ಕಚೇರಿಗೆ ಹೋದರೆ, ಕುರಿ ನಮ್ಮ ವ್ಯಾಪ್ತಿಯಲ್ಲಿ ಸತ್ತಿಲ್ಲವಲ್ಲ ಎಂಬ ಉತ್ತರ. ಉಳಿದ ಕುರಿಗಳನ್ನು ಯಾರ ಕೈಯಲ್ಲಿ ಬಿಟ್ಟು ಇಷ್ಟು ಓಡಾಡುವುದು? ಒಂದೆರಡು ಬಾರಿ ಅಲೆದ ಬಳಿಕ ಅವನು ಆ ಹಣದ ಆಸೆಯನ್ನೇ ಬಿಟ್ಟುಬಿಡುತ್ತಾನೆ. ಆ ಅರ್ಜಿ ತಿರಸ್ಕೃತವಾದ ಅರ್ಜಿಗಳ ಪಟ್ಟಿಯಲ್ಲೂ ಇರುವುದಿಲ್ಲ, ಏಕೆಂದರೆ ಅದು ಸಲ್ಲಿಕೆಯೇ ಆಗಿರುವುದಿಲ್ಲ. ನಿಮ್ಮ ಮುಂದೆ ಬರುವ ಪ್ರಗತಿ ವರದಿಯಲ್ಲಿ ಬಾಕಿ ಅರ್ಜಿಗಳು ಕಡಿಮೆ ಎಂದು ಕಂಡಾಗ, ದಯವಿಟ್ಟು ಈ ಸಂಗತಿಯನ್ನು ನೆನೆಯಿರಿ.

ಇದಕ್ಕೆ ಬೇಕಾದ ಸಲಕರಣೆ ಇಲಾಖೆಯ ಬಳಿ ಈಗಾಗಲೇ ಇದೆ. 2022ರಿಂದ ರಾಜ್ಯದಲ್ಲಿ ಜಾರಿಗೆ ಬಂದ ಸಂಚಾರಿ ಪಶು ಚಿಕಿತ್ಸಾ ವಾಹನಗಳು 275. 1962 ಸಂಖ್ಯೆಗೆ ಕರೆ ಮಾಡಿದರೆ ಅವು ಪ್ರಾಣಿ ಇರುವಲ್ಲಿಗೆ ಬರುತ್ತವೆ. ಆ ವಾಹನದಲ್ಲಿ ಬಂದ ವೈದ್ಯರೇ ಸ್ಥಳದಲ್ಲಿ ಮರಣೋತ್ತರ ಪರೀಕ್ಷೆ ಮಾಡಿ, ಛಾಯಾಚಿತ್ರ ಮತ್ತು ಸ್ಥಳದ ಅಕ್ಷಾಂಶ ರೇಖಾಂಶಗಳೊಂದಿಗೆ ವರದಿಯನ್ನು ಮೊಬೈಲಿನಿಂದಲೇ ದಾಖಲಿಸಲಿ. ಆ ದಾಖಲೆಯೇ ಅರ್ಜಿ ಎಂದು ಪರಿಗಣನೆಯಾಗಲಿ. ಸಾವು ಯಾವ ತಾಲ್ಲೂಕಿನಲ್ಲಿ ಸಂಭವಿಸಿತೋ ಅಲ್ಲಿಯೇ ಮಂಜೂರಾತಿ ನಡೆದು, ಹಣ ಮಾಲೀಕರ ಖಾತೆಗೆ ಜಮೆಯಾಗಲಿ. ಬೆಳೆ ನಷ್ಟದ ಹಣವನ್ನು 'ಪರಿಹಾರ' ತಂತ್ರಾಂಶದ ಮೂಲಕ ನೇರವಾಗಿ ರೈತರ ಖಾತೆಗೆ ಹಾಕುವುದನ್ನು ಈ ರಾಜ್ಯ ಮಾಡಿ ತೋರಿಸಿದೆ. ಹಿಂಡಿಗೆ ಅದು ಆಗದು ಎನ್ನಲು ಕಾರಣವಿಲ್ಲ.

ರೋಗದ ವಿಷಯಕ್ಕೆ ಬರುತ್ತೇನೆ. ವಿಪತ್ತು ಪರಿಹಾರ ನಿಧಿಗೆ ಅರ್ಹವೆಂದು ಕೇಂದ್ರ ಅಧಿಸೂಚಿಸಿರುವ ವಿಪತ್ತುಗಳು ಹನ್ನೆರಡು: ಚಂಡಮಾರುತ, ಬರ, ಭೂಕಂಪ, ಬೆಂಕಿ, ಪ್ರವಾಹ, ಸುನಾಮಿ, ಆಲಿಕಲ್ಲು ಮಳೆ, ಭೂಕುಸಿತ, ಹಿಮಕುಸಿತ, ಮೇಘಸ್ಫೋಟ, ಕೀಟಬಾಧೆ, ಶೀತಗಾಳಿ ಮತ್ತು ಹಿಮಗಟ್ಟುವಿಕೆ. ಬೆಳೆ ತಿನ್ನುವ ಕೀಟ ಈ ಪಟ್ಟಿಯಲ್ಲಿದೆ. ಜಾನುವಾರು ಕೊಲ್ಲುವ ಸಾಂಕ್ರಾಮಿಕ ಇಲ್ಲ. ಹಾಗಾಗಿಯೇ ಚರ್ಮಗಂಟು ರೋಗ ಬಂದಾಗ ಪರಿಹಾರ ಕೊಡುವುದೋ ಬೇಡವೋ, ಕೊಟ್ಟರೆ ಎಷ್ಟು ಎಂಬುದನ್ನು ದನಗಳು ಸಾಯುತ್ತಿರುವಾಗಲೇ ತೀರ್ಮಾನಿಸಬೇಕಾಗಿ ಬಂತು. ಆದರೆ ಅದೇ ಮಾನದಂಡ ರಾಜ್ಯಗಳಿಗೆ ಒಂದು ಅಧಿಕಾರವನ್ನೂ ಕೊಟ್ಟಿದೆ: ವಾರ್ಷಿಕ ನಿಧಿಯ ಶೇ 10ರಷ್ಟನ್ನು ರಾಜ್ಯವೇ ಗುರುತಿಸಿದ ಸ್ಥಳೀಯ ವಿಪತ್ತುಗಳಿಗೆ ಬಳಸಬಹುದು. ಜಾನುವಾರುಗಳ ಸಾಮೂಹಿಕ ಸಾವಿಗೆ ಕಾರಣವಾಗುವ ರೋಗೋದ್ರೇಕವನ್ನು ಸ್ಥಳೀಯ ವಿಪತ್ತೆಂದು ಒಪ್ಪಿಕೊಂಡು, ಅದಕ್ಕೆ ಬೇಕಾದ ಸ್ಪಷ್ಟ ನಿಯಮಗಳನ್ನು ಮುಂದಿನ ರೋಗ ಬರುವ ಮೊದಲೇ ಬರೆದಿಡಬೇಕೆಂದು ಕೋರುತ್ತೇನೆ. ಪರಿಹಾರ ಖಚಿತವಾಗಿ ಸಿಗುತ್ತದೆ ಎಂದು ಗೊತ್ತಿದ್ದರೆ ಮಾಲೀಕರು ರೋಗವನ್ನು ಮುಚ್ಚಿಡುವುದಿಲ್ಲ, ಸೋಂಕು ತಗುಲಿದ ಪ್ರಾಣಿಯನ್ನು ಅವಸರದಲ್ಲಿ ಸಂತೆಗೆ ಹೊಡೆಯುವುದಿಲ್ಲ. ವೈದ್ಯನಾಗಿ ಹೇಳುವುದಾದರೆ, ರೋಗ ಹರಡುವುದನ್ನು ತಡೆಯಲು ಲಸಿಕೆ ಎಷ್ಟು ಮುಖ್ಯವೋ ಈ ಭರವಸೆಯೂ ಅಷ್ಟೇ ಮುಖ್ಯ.

ಬರದ ಕತೆ ಇವೆಲ್ಲಕ್ಕಿಂತ ಬೇರೆ. ಬರದಲ್ಲಿ ಪ್ರಾಣಿಗಳು ಒಮ್ಮೆಲೇ ಸಾಯುವುದಿಲ್ಲ. ಮೇವು ತೀರುತ್ತದೆ, ಕೆರೆ ಒಣಗುತ್ತದೆ, ಪಕ್ಕೆಲುಬು ಎದ್ದು ಕಾಣುವ ಕುರಿಯನ್ನು ಸಿಕ್ಕಷ್ಟಕ್ಕೆ ಮಾರಬೇಕಾಗುತ್ತದೆ. ಸಾವೇ ಆಗದಿದ್ದ ಮೇಲೆ ಮರಣೋತ್ತರ ವರದಿ ಎಲ್ಲಿಯದು, ಪರಿಹಾರ ಎಲ್ಲಿಯದು? ಗೋಶಾಲೆ, ಮೇವು ಬ್ಯಾಂಕುಗಳು ದನಗಳಿಗೆ ಒಂದಿಷ್ಟು ಆಸರೆಯಾಗುತ್ತವೆ. ಮೇವು ಶಿಬಿರಗಳಲ್ಲಿ ದೊಡ್ಡ ಪ್ರಾಣಿಗೆ ದಿನಕ್ಕೆ 80 ರೂಪಾಯಿ, ಸಣ್ಣ ಪ್ರಾಣಿಗೆ 45 ರೂಪಾಯಿ ಖರ್ಚು ಮಾಡಲು ಮಾನದಂಡದಲ್ಲಿ ಅವಕಾಶವೂ ಇದೆ. ಆದರೆ ನಡೆದಾಡಿ ಮೇಯುವ ಇನ್ನೂರು ಕುರಿಗಳ ಹಿಂಡನ್ನು ಶಿಬಿರದಲ್ಲಿ ಕಟ್ಟಿಹಾಕಲಾಗದು. ದಿನಕ್ಕೆ 45 ರೂಪಾಯಿಯ ಆ ನೆರವು ಹಿಂಡು ಇರುವಲ್ಲಿಗೆ ಮೇವಿನ ರೂಪದಲ್ಲೋ ಹಣದ ರೂಪದಲ್ಲೋ ತಲುಪಬೇಕು.

2023ರ ಬರವನ್ನೇ ನೋಡಿ. ಸೆಪ್ಟೆಂಬರಿನಲ್ಲಿ 195 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಯಿತು, ಮುಂದೆ ಆ ಸಂಖ್ಯೆ 223ಕ್ಕೆ ಏರಿತು. ರಾಜ್ಯ ಕೇಳಿದ್ದು 18,171 ಕೋಟಿ ರೂಪಾಯಿ. ಹಣ ಬಾರದೆ, 2024ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿನ ಮೆಟ್ಟಿಲೇರಬೇಕಾಯಿತು. ಏಪ್ರಿಲ್ ಕೊನೆಗೆ 3,454 ಕೋಟಿ ಬಿಡುಗಡೆಯಾಯಿತು. ತಡವಾದರೆ ಏನಾಗುತ್ತದೆ ಎಂಬುದನ್ನು ಆ ಏಳು ತಿಂಗಳಲ್ಲಿ ನಿಮ್ಮ ಸರ್ಕಾರವೇ ಅನುಭವಿಸಿತು. ದೆಹಲಿಯ ಮುಂದೆ ನೀವು ಮಂಡಿಸಿದ ವಾದ ನ್ಯಾಯವಾದದ್ದು. ಅದೇ ವಾದವನ್ನು ಕುರಿಗಾಹಿ ಇಂದು ನಿಮ್ಮ ಮುಂದೆ ಮಂಡಿಸುತ್ತಿದ್ದಾನೆ.

ಬೇರೆಡೆ ಇದನ್ನು ಹೇಗೆ ನಿಭಾಯಿಸಿದ್ದಾರೆ ಎಂದು ಓದುತ್ತ ಅಮೆರಿಕದ ಎರಡು ಅನುಭವಗಳು ನನಗೆ ಬಹಳ ಮುಖ್ಯವೆನಿಸಿದವು. ಅಲ್ಲಿ 1999ರಿಂದ ಪ್ರತಿ ವಾರ ದೇಶದ ಬರ ನಕ್ಷೆಯೊಂದು ಪ್ರಕಟವಾಗುತ್ತದೆ. ನೆಬ್ರಾಸ್ಕ ವಿಶ್ವವಿದ್ಯಾಲಯದ ಬರ ಅಧ್ಯಯನ ಕೇಂದ್ರ ಮತ್ತು ಸರ್ಕಾರದ ಕೃಷಿ, ಹವಾಮಾನ ಸಂಸ್ಥೆಗಳು ಸೇರಿ ಅದನ್ನು ಸಿದ್ಧಪಡಿಸುತ್ತವೆ. ನಮ್ಮ ಜಿಲ್ಲೆ ತಾಲ್ಲೂಕುಗಳಂತೆ ಅಲ್ಲಿ ಕೌಂಟಿಗಳಿವೆ. ಒಂದು ಕೌಂಟಿಯಲ್ಲಿ ಬರ ಇಂತಿಷ್ಟು ತೀವ್ರತೆ ಮುಟ್ಟಿ ಇಂತಿಷ್ಟು ವಾರ ಮುಂದುವರಿದರೆ, ಅಲ್ಲಿ ದನ ಕುರಿ ಮೇಯಿಸುವವರು ಮೇವು ನಷ್ಟದ ನೆರವಿಗೆ ಅರ್ಹರಾಗುತ್ತಾರೆ. ಪ್ರಾಣಿ ಸಾಯುವವರೆಗೆ ಕಾಯಬೇಕಿಲ್ಲ, ಯಾವ ಸಚಿವರ ಘೋಷಣೆಗೂ ಕಾಯಬೇಕಿಲ್ಲ. ವಿಪತ್ತಿನಲ್ಲಿ ಸತ್ತ ಪ್ರಾಣಿಗಳಿಗೆ ಮತ್ತೊಂದು ಯೋಜನೆಯಿದ್ದು, ಅದು ಸರಾಸರಿ ಮಾರುಕಟ್ಟೆ ಬೆಲೆಯ ಶೇ 75ರಷ್ಟನ್ನು ಲೆಕ್ಕ ಹಿಡಿಯುತ್ತದೆ. ಸಾವಿರಾರು ಎಕರೆಯ ಹುಲ್ಲುಗಾವಲಿನ ಒಡೆಯರಿಗೂ ನಮ್ಮ ಕುರಿಗಾಹಿಗೂ ಹೋಲಿಕೆ ಇಲ್ಲ ಎಂಬುದು ನನಗೆ ಗೊತ್ತಿದೆ. ಆದರೆ ನಿಯಮ ಮೊದಲೇ ಬರೆದಿರುವುದು, ದರ ಸಂತೆಯ ಬೆಲೆಗೆ ಅಂಟಿಕೊಂಡಿರುವುದು, ಇವೆರಡೂ ಬಡವನಿಗೇ ಹೆಚ್ಚು ಬೇಕಾದ ರಕ್ಷಣೆ. ಗ್ರಾಮ ಪಂಚಾಯಿತಿ ಮಟ್ಟದವರೆಗೆ ಮಳೆ ಅಳೆಯುವ ಯಂತ್ರಗಳ ಜಾಲವನ್ನು ನಮ್ಮ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಕಟ್ಟಿಕೊಂಡಿದೆ. ಬೇಕಾದ ಅಂಕಿಅಂಶ ನಮ್ಮಲ್ಲೂ ದಿನವೂ ಹುಟ್ಟುತ್ತಿದೆ.

ಆ ನಿಯಮ ಕಾನೂನಿನಲ್ಲಿ ಗಟ್ಟಿಯಾಗಿ ನೆಲೆಯೂರದಿದ್ದರೆ ಏನಾಗುತ್ತದೆ ಎಂಬುದಕ್ಕೂ ಅಲ್ಲಿಯೇ ಉದಾಹರಣೆಯಿದೆ. 2013ರ ಅಕ್ಟೋಬರ್ ಮೊದಲ ವಾರ ಸೌತ್ ಡಕೋಟ ರಾಜ್ಯದ ಪಶ್ಚಿಮ ಭಾಗಕ್ಕೆ ಅಕಾಲಿಕ ಹಿಮಬಿರುಗಾಳಿ ಅಪ್ಪಳಿಸಿತು. ದನಗಳು ಇನ್ನೂ ಬೇಸಿಗೆಯ ಹುಲ್ಲುಗಾವಲಿನಲ್ಲಿದ್ದವು, ಮೈಮೇಲೆ ಚಳಿಗಾಲದ ದಟ್ಟ ಕೂದಲು ಬೆಳೆದಿರಲಿಲ್ಲ. ಮೊದಲು ಮಳೆಗೆ ತೊಯ್ದು, ಆಮೇಲೆ ಹಿಮ ಮತ್ತು ಗಾಳಿಗೆ ಸಿಕ್ಕಿ ಹತ್ತಾರು ಸಾವಿರ ದನಗಳು ಸತ್ತವು. ಆ ಹೊತ್ತಿಗೆ ಸತ್ತ ಜಾನುವಾರುಗಳಿಗೆ ಪರಿಹಾರ ಕೊಡುವ ಯೋಜನೆಯ ಅವಧಿ 2011ರಲ್ಲೇ ಮುಗಿದು, ಹೊಸ ಕಾಯ್ದೆ ಸಂಸತ್ತಿನಲ್ಲಿ ಸಿಕ್ಕಿಕೊಂಡಿತ್ತು. ಬಜೆಟ್ ಜಗಳದಿಂದ ಕೇಂದ್ರ ಸರ್ಕಾರದ ಕಚೇರಿಗಳೇ ಬಾಗಿಲು ಮುಚ್ಚಿದ್ದವು. ಸತ್ತ ದನಗಳ ಲೆಕ್ಕ ಕೊಡಲು ಹೋದವರಿಗೆ ತೆರೆದ ಕಚೇರಿ ಸಿಗಲಿಲ್ಲ. ಮರುವರ್ಷದ ಫೆಬ್ರುವರಿಯಲ್ಲಿ ಕಾಯ್ದೆ ಬಂದು, ಏಪ್ರಿಲಿನಲ್ಲಿ ಅರ್ಜಿ ಸ್ವೀಕಾರ ಶುರುವಾಯಿತು. ಆ ಕಾಯ್ದೆ ಯೋಜನೆಯನ್ನು ಕಾಯಂ ಮಾಡಿತು ಮತ್ತು ಹಿಂದಿನ ನಷ್ಟಗಳಿಗೂ ಅನ್ವಯವಾಯಿತು. ನಮ್ಮ ಅನುಗ್ರಹ ಯೋಜನೆಯೂ ನಡುವೆ ನಿಂತು ಮತ್ತೆ ಹುಟ್ಟಿದ್ದನ್ನು ಕಂಡ ನನಗೆ, ಅದನ್ನು ಬಜೆಟ್ ಭಾಷಣದ ಒಂದು ಕಂಡಿಕೆಯಾಗಿ ಬಿಡದೆ ಕಾಯ್ದೆಯ ಒಂದು ಕಲಮಾಗಿ ಮಾಡಬೇಕು ಎನಿಸುತ್ತದೆ. ವಲಸೆ ಕುರಿಗಾಹಿಗಳ ಕಲ್ಯಾಣ ಮತ್ತು ರಕ್ಷಣೆಗಾಗಿ 2025ರಲ್ಲಿ ವಿಧಾನಮಂಡಲ ಒಪ್ಪಿದ ಕಾಯ್ದೆ ಅದಕ್ಕೆ ಸರಿಯಾದ ಜಾಗ.

ಇನ್ನೊಂದು ಅನುಭವ ಎಚ್ಚರಿಕೆಯದು, ಅದನ್ನು ಮುಚ್ಚಿಟ್ಟರೆ ಈ ಪತ್ರ ಪ್ರಾಮಾಣಿಕವಾಗದು. 2002 ಮತ್ತು 2003ರಲ್ಲಿ ಅಮೆರಿಕ ಸರ್ಕಾರ ಬರಕ್ಕೆ ಸಿಕ್ಕ ಜಾನುವಾರು ಸಾಕಣೆದಾರರಿಗಾಗಿ ತುರ್ತು ಯೋಜನೆಯೊಂದನ್ನು ತಂದಿತು. ನಷ್ಟವಾಗಿದೆಯೇ ಎಂದು ಯಾರೂ ಕೇಳಲಿಲ್ಲ. ಕೌಂಟಿ ವಿಪತ್ತುಪೀಡಿತ ಎಂದು ಘೋಷಣೆಯಾಗಿದ್ದರೆ ಸಾಕಿತ್ತು. 2003ರ ಫೆಬ್ರುವರಿ 1ರಂದು ಕೊಲಂಬಿಯಾ ಬಾಹ್ಯಾಕಾಶ ನೌಕೆ ಸಿಡಿದು ಅದರ ಚೂರುಗಳು ಟೆಕ್ಸಾಸಿನ ಪೂರ್ವ ಭಾಗದಲ್ಲಿ ಬಿದ್ದವು. ಕರ್ನಾಲಿನಲ್ಲಿ ಹುಟ್ಟಿದ ಕಲ್ಪನಾ ಚಾವ್ಲಾ ಅವರೂ ಸೇರಿ ಏಳು ಮಂದಿ ಸತ್ತ ಆ ದುರಂತಕ್ಕಾಗಿ ಅಲ್ಲಿ ತುರ್ತುಸ್ಥಿತಿ ಘೋಷಣೆಯಾದ ಕಾರಣಕ್ಕೇ, ಬರವೇ ಇಲ್ಲದ ಗ್ರಾಮೀಣ ಕೌಂಟಿಗಳ ದನಗಾರರಿಗೂ ಮೇವಿನ ಹಣ ಸಿಕ್ಕಿತು. 2006ರಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಇದನ್ನು ಬಯಲಿಗೆಳೆಯಿತು: ಖರ್ಚಾದ ಸುಮಾರು 120 ಕೋಟಿ ಡಾಲರಿನಲ್ಲಿ ಅರ್ಧಕ್ಕಿಂತ ಹೆಚ್ಚು ಹಣ ಬರ ಸಾಧಾರಣವಾಗಿದ್ದ ಅಥವಾ ಇಲ್ಲವೇ ಇಲ್ಲದ ಕಡೆಗೆ ಹೋಗಿತ್ತು.

ಇಂಥ ದುರ್ಬಳಕೆಯ ಭಯವೇ ನಮ್ಮಲ್ಲಿ ಕಾಗದಪತ್ರಗಳನ್ನು ಒಂದರ ಮೇಲೊಂದು ಪೇರಿಸುತ್ತದೆ ಎಂಬುದನ್ನು ಬಲ್ಲೆ. ಸತ್ತ ಒಂದೇ ಕುರಿಯನ್ನು ಎರಡು ಕಡೆ ತೋರಿಸುವವರು ಇಲ್ಲವೆಂದಲ್ಲ. ಆದರೆ ಕೊಲಂಬಿಯಾದ ಪ್ರಕರಣದಲ್ಲಿ ತಪ್ಪು ಹಣ ಬೇಗ ಕೊಟ್ಟದ್ದರಲ್ಲಿ ಇರಲಿಲ್ಲ; ನಷ್ಟಕ್ಕೂ ನೆರವಿಗೂ ಇರಬೇಕಾದ ಕೊಂಡಿ ಕಡಿದದ್ದರಲ್ಲಿ ಇತ್ತು. ಮಳೆ ಮತ್ತು ಹಸಿರಿನ ಅಳತೆಗೆ ಬರದ ನೆರವು ಅಂಟಿಕೊಂಡಿರಲಿ, ಸ್ಥಳದಲ್ಲೇ ತೆಗೆದ ಮರಣೋತ್ತರ ದಾಖಲೆಗೆ ಸಾವಿನ ಪರಿಹಾರ ಅಂಟಿಕೊಂಡಿರಲಿ. ಕುರಿಗಳಿಗೂ ಕಿವಿಯೋಲೆ ಹಾಕಿ ನೋಂದಾಯಿಸುವ ಕೆಲಸ ಲಸಿಕೆ ಹಾಕುವಾಗಲೇ ನಡೆಯಲಿ. ಇಷ್ಟಿದ್ದರೆ ವಾಸದ ಪತ್ರ, ಪಂಚನಾಮೆ, ಶಿಫಾರಸು ಪತ್ರಗಳ ಹೊರೆ ಬೇಕಾಗುವುದಿಲ್ಲ. 2024ರ ಅಕ್ಟೋಬರಿನಲ್ಲಿ ಆರಂಭವಾದ 21ನೇ ಜಾನುವಾರು ಗಣತಿಯಲ್ಲಿ ಅಲೆಮಾರಿ ಪಶುಪಾಲಕರನ್ನು ಮೊದಲ ಬಾರಿಗೆ ಪ್ರತ್ಯೇಕವಾಗಿ ಎಣಿಸಲಾಗಿದೆ. ಆ ಮಾಹಿತಿಯನ್ನು ಈ ನೋಂದಣಿಗೆ ಬುನಾದಿಯಾಗಿ ಬಳಸಬಹುದು.

ಹಣ ಎಲ್ಲಿಂದ ಎಂಬ ಪ್ರಶ್ನೆ ಬರುತ್ತದೆ. ಕೇಂದ್ರದ ದರ ಸಾಲದು ಎನಿಸಿದಾಗ ಈ ರಾಜ್ಯ ಕೈಯಿಂದ ಹಾಕಿ ಕೊಟ್ಟದ್ದಿದೆ. 2019ರ ಆಗಸ್ಟಿನಲ್ಲಿ ಕೃಷ್ಣಾ, ಮಲಪ್ರಭಾ, ಘಟಪ್ರಭಾ ನದಿಗಳು ಊರುಗಳನ್ನು ನುಂಗಿದಾಗ, ಪೂರ್ತಿ ಬಿದ್ದ ಮನೆಗೆ ಕೇಂದ್ರದ ಮಾನದಂಡದಲ್ಲಿ ಒಂದು ಲಕ್ಷವೂ ಇಲ್ಲದಿದ್ದಾಗ, ಅಂದಿನ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. 2021ರ ಡಿಸೆಂಬರಿನಲ್ಲಿ ಮಳೆಯಾಶ್ರಿತ ಬೆಳೆಯ ಪರಿಹಾರವನ್ನು ಹೆಕ್ಟೇರಿಗೆ 6,800ರಿಂದ 13,600 ರೂಪಾಯಿಗೆ ಏರಿಸಲಾಯಿತು. 2025ರ ನೆರೆಯ ಬಳಿಕ ಈಗಿನ ಸರ್ಕಾರವೂ ಹೆಕ್ಟೇರಿಗೆ 8,500 ರೂಪಾಯಿಯನ್ನು ತನ್ನ ಕಡೆಯಿಂದ ಸೇರಿಸಿತು. ಬೇರೆ ಬೇರೆ ಪಕ್ಷಗಳ ಸರ್ಕಾರಗಳು ಮನೆಗೆ, ಬೆಳೆಗೆ ತೋರಿದ ಈ ಉದಾರತೆ ಹಿಂಡಿಗೂ ಸಲ್ಲಲಿ. ಮೂವತ್ತರ ಮಿತಿಯಾಚೆ ಸತ್ತ ಪ್ರಾಣಿಗಳ ಪರಿಹಾರವನ್ನು ರಾಜ್ಯ ತನ್ನ ಬೊಕ್ಕಸದಿಂದ ಭರಿಸಲಿ.

ವಿಮೆ ಮಾಡಿಸಿಕೊಳ್ಳಲಿ ಎನ್ನುವವರಿಗೂ ಒಂದು ಮಾತು. 2024ರಲ್ಲಿ ರಾಷ್ಟ್ರೀಯ ಜಾನುವಾರು ಮಿಷನ್ನಿನ ನಿಯಮ ಬದಲಾಗಿ, ಕಂತಿನಲ್ಲಿ ಮಾಲೀಕರ ಪಾಲು ಶೇ 15ಕ್ಕೆ ಇಳಿದಿದೆ, ಇದು ಸ್ವಾಗತಾರ್ಹ. ಆದರೆ ಸದಾ ನಡೆಯುತ್ತಿರುವ ಹಿಂಡಿಗೆ, ವರ್ಷಕ್ಕೊಮ್ಮೆ ಬದಲಾಗುವ ಕುರಿಗಳ ಗುಂಪಿಗೆ ವಿಮೆ ಮಾಡಿಸಲು ಕಂಪನಿಗಳು ಇನ್ನೂ ಉತ್ಸಾಹ ತೋರಿಲ್ಲ. ವಿಮೆ ಹಿಂಡಿನವರೆಗೆ ಬರುವ ತನಕ ಪರಿಹಾರದ ಬಾಗಿಲು ಮುಚ್ಚಬಾರದು.

ಕಾಲಮಿತಿಯ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. ನಾಗರಿಕರಿಗೆ ಸೇವೆ ಇಂತಿಷ್ಟು ದಿನದಲ್ಲಿ ಸಿಗಬೇಕೆಂದು 2011ರಲ್ಲೇ ಸಕಾಲ ಕಾಯ್ದೆ ಮಾಡಿದ ರಾಜ್ಯ ನಮ್ಮದು. ಮರಣೋತ್ತರ ವರದಿ ದಾಖಲಾದ ದಿನದಿಂದ ಮೂವತ್ತು ದಿನದೊಳಗೆ ಹಣ ಜಮೆಯಾಗಬೇಕು, ಆಗದಿದ್ದರೆ ಕಾರಣವನ್ನು ಮೊಬೈಲ್ ಸಂದೇಶದ ಮೂಲಕ ತಿಳಿಸಬೇಕು ಎಂಬ ಆದೇಶ ಹೊರಡಿಸಲು ಹೊಸ ಹಣವಾಗಲಿ ಹೊಸ ಇಲಾಖೆಯಾಗಲಿ ಬೇಡ.

ಕೊನೆಯದಾಗಿ ಒಂದು ತುರ್ತು ಸಂಗತಿ. ಮೇಲೆ ಹೇಳಿದ ಕೇಂದ್ರದ ದರಗಳು 15ನೇ ಹಣಕಾಸು ಆಯೋಗದ ಅವಧಿಗೆ, ಅಂದರೆ 2025-26ರವರೆಗೆ ನಿಗದಿಯಾದವು. ಮುಂದಿನ ಐದು ವರ್ಷಗಳ ಮಾನದಂಡದ ವಿಷಯದಲ್ಲಿ ರಾಜ್ಯ ತನ್ನ ಮಾತನ್ನು ಬಲವಾಗಿ ಹೇಳಬೇಕಾದ ಕಾಲವಿದು. ಕುರಿಗೆ 4,000 ರೂಪಾಯಿ ಎಂಬ ದರವನ್ನು ಮಾರುಕಟ್ಟೆ ಬೆಲೆಗೆ ಜೋಡಿಸಬೇಕು, ಮೂವತ್ತರ ಮಿತಿಯನ್ನು ವೃತ್ತಿನಿರತ ಪಶುಪಾಲಕರಿಗೆ ಅನ್ವಯಿಸಬಾರದು, ಜಾನುವಾರು ಸಾಂಕ್ರಾಮಿಕವನ್ನು ವಿಪತ್ತುಗಳ ಪಟ್ಟಿಗೆ ಸೇರಿಸಬೇಕು ಎಂಬ ಮೂರು ಅಂಶಗಳನ್ನು ಅಂಕಿಅಂಶ ಸಹಿತ ಕೇಂದ್ರ ಗೃಹ ಸಚಿವಾಲಯಕ್ಕೆ ಬರೆಯಬೇಕೆಂದು ಕೋರುತ್ತೇನೆ. ತೆಲಂಗಾಣ, ಆಂಧ್ರಪ್ರದೇಶ, ಮಹಾರಾಷ್ಟ್ರ, ರಾಜಸ್ಥಾನಗಳಲ್ಲೂ ಇದೇ ಬದುಕು ನಡೆಸುವ ಕುರಿಗಾಹಿಗಳಿದ್ದಾರೆ; ಆ ರಾಜ್ಯಗಳನ್ನೂ ಜೊತೆಗೆ ಕರೆದುಕೊಂಡರೆ ಮಾತಿಗೆ ತೂಕ ಬರುತ್ತದೆ. ಆ ಪತ್ರವನ್ನು ಬರೆಯುವ ಮೊದಲು ಕುರಿಗಾಹಿಗಳ ಸಂಘಗಳನ್ನೂ ಹಿಂಡಿನೊಂದಿಗೆ ನಡೆಯುವ ಹೆಣ್ಣುಮಕ್ಕಳನ್ನೂ ಕರೆದು ಒಂದು ದಿನ ಕೂರಿಸಿಕೊಂಡು ಕೇಳಿ. ಸಭೆಯನ್ನು ಬೆಂಗಳೂರಿನಲ್ಲಿ ಬೇಡ, ಹಿಂಡುಗಳು ಇಳಿಯುವ ಕಾಲದಲ್ಲಿ ಗದಗದಲ್ಲೋ ಕೊಪ್ಪಳದಲ್ಲೋ ಇಟ್ಟುಕೊಳ್ಳಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪಶುವೈದ್ಯ, ಗದಗ ಜಿಲ್ಲೆ